ಹದಿನಾಲ್ಕು ದಿನದ ಹಾಳೆ

ಸ್ಲ್ಯಾಬು ಬಿದ್ದಾಗ ಗಾದ್ರಮ್ಮ ಅದರ ಕೆಳಗೆ ಕೂತು ನೆಲ ಕೆರೆಯುತ್ತಿದ್ದಳು. ಮರುದಿನವೇ ಉದ್ಘಾಟನೆ. ನೆಲಕ್ಕೆ ಅಂಟಿದ್ದ ಸಿಮೆಂಟಿನ ಹಕ್ಕಳೆಯನ್ನು ಕರಣೆಯಿಂದ ಎಬ್ಬಿಸಿ, ಬಾಂಡ್ಲಿಗೆ ತುಂಬಿ ಹೊರಗೆ ಹಾಕು ಎಂದು ಕಂಟ್ರಾಕ್ಟರು ಹೇಳಿ ಹೋಗಿದ್ದ. ಮೂರು ಬಾಂಡ್ಲಿ ಹಾಕಿ ಬಂದಿದ್ದಳು. ನಾಲ್ಕನೆಯದು ತುಂಬುವಾಗ ನೆತ್ತಿಯ ಮೇಲೆ ಏನೋ ಚಟ್ ಎಂದಿತು. ಮಣ್ಣು ಉದುರಿತು. ಎದ್ದು ಬಾಗಿಲ ಕಡೆ ಓಡಿದಳು. ಸೊಂಟದಿಂದ ಮೇಲಿನದು ಹೊರಗೆ ಬಂತು, ಕಾಲು ಒಳಗೇ ಉಳಿಯಿತು.

ದಾವಣಗೆರೆ ಆಸ್ಪತ್ರೆಯಲ್ಲಿ ಬಲಗಾಲನ್ನು ಮೊಣಕಾಲ ಕೆಳಗೆ ತೆಗೆದರು. ಎಡಗಾಲಿಗೆ ರಾಡು ಹಾಕಿದರು. ಅವಳಿಗೆ ಮೂವತ್ನಾಲ್ಕು ವರ್ಷ. ಜಗಳೂರು ಕಡೆಯವಳು. ಆರು ಮಂದಿ ಹೆಂಗಸರ ಜೊತೆ ನ್ಯಾಮತಿ ಸೀಮೆಗೆ ಕಾಂಕ್ರೀಟ್ ಕೆಲಸಕ್ಕೆ ಬಂದು, ಸೈಟಿನ ಪಕ್ಕದ ತಗಡಿನ ಶೆಡ್ಡಿನಲ್ಲಿ ಮಲಗುತ್ತಿದ್ದಳು. ಕಟ್ಟುತ್ತಿದ್ದದ್ದು ಗೋವಿನಕೋವಿ ಆಚೆಯ ಒಂದು ಊರಿನಲ್ಲಿ, ಶಾಲೆಯ ಬಿಸಿಯೂಟದ ಕೋಣೆ. ಅದು ಮಧ್ಯಾಹ್ನ ಬಿದ್ದಿದ್ದರೆ ಕೆಳಗೆ ಮಕ್ಕಳು ಇಣುಕುತ್ತಾ ನಿಂತಿರುತ್ತಿದ್ದವು. ಬೆಳಿಗ್ಗೆ ಎಂಟಕ್ಕೆ ಬಿತ್ತು. ಅದನ್ನೇ ಎಲ್ಲರೂ ಪುಣ್ಯ ಅಂದರು. ಕಾಲು ಹೋದವಳ ಎದುರಿಗೇ ಅಂದರು.

ನಾನು ಕಲ್ಪನಾ. ಚನ್ನಗಿರಿಯಲ್ಲಿ ಕಚೇರಿಗಳ ಸಾಲಿನ ಎದುರು ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಪಹಣಿ ತೆಗೆದುಕೊಡುತ್ತೇನೆ, ಅರ್ಜಿ ಟೈಪ್ ಮಾಡುತ್ತೇನೆ. ಹನ್ನೊಂದು ವರ್ಷದಿಂದ ಜನರ ಗೋಳನ್ನು ‘ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ’ ಎಂಬ ಭಾಷೆಗೆ ತಿರುಗಿಸುವುದೇ ನನ್ನ ಕಸುಬು. ಈ ಕತೆ ನನ್ನ ಅಂಗಡಿಗೆ ಬಂದದ್ದು ಒಂದು ನೋಟೀಸಿನ ರೂಪದಲ್ಲಿ.

ನೋಟೀಸು ತಂದವನು ಕೆರೆಬಿಳಚಿಯ ಅಮೀರ್‌ಜಾನ್. ಸೆಂಟ್ರಿಂಗ್ ಮೇಸ್ತ್ರಿ. ಹಸಿ ಕಾಂಕ್ರೀಟನ್ನು ಹೊತ್ತು ನಿಲ್ಲಲು ಹಲಗೆ, ಕೋಲು ಕಟ್ಟುವುದು, ಅದು ಗಟ್ಟಿಯಾದ ಮೇಲೆ ಬಿಚ್ಚುವುದು ಅವನ ಕೆಲಸ. ಐವತ್ತೆರಡು ವರ್ಷದ ಗಂಡಸು. ತಂತಿ ಬಿಗಿದೂ ಬಿಗಿದೂ ಅವನ ಬೆರಳುಗಳೆಲ್ಲ ಗಂಟುಗಂಟು. ಜೊತೆಗೆ ಮಗಳು ಮಸರತ್ ಇದ್ದಳು. ಚನ್ನಗಿರಿ ಕಾಲೇಜಿನಲ್ಲಿ ಡಿಗ್ರಿ ಎರಡನೇ ವರ್ಷ.

"ಇದಕ್ಕೆ ಒಂದು ಉತ್ತರ ಬರ್ದು ಕೊಡ್ರಿ ಮೇಡಂ" ಎಂದು ಪ್ಲಾಸ್ಟಿಕ್ ಕವರಿನಿಂದ ಹಾಳೆ ತೆಗೆದ.

ಓದಿದೆ. ಹನ್ನೊಂದನೇ ತಾರೀಕು ಕಾಂಕ್ರೀಟ್ ಹಾಕಲಾಗಿದೆ. ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಸಂಹಿತೆ (ಕೋಡ್) ೪೫೬ರಲ್ಲಿ ನಿಗದಿಪಡಿಸಿದ ಅವಧಿ ಪೂರ್ಣಗೊಂಡ ನಂತರವೇ, ಹದಿನಾರನೇ ತಾರೀಕು, ಆಧಾರಗಳನ್ನು ತೆಗೆಯಲು ಇಂಜಿನಿಯರರು ಸೂಚಿಸಿರುತ್ತಾರೆ. ಹದಿನೇಳರಂದು ಆದ ಅವಘಡಕ್ಕೆ ಮೇಸ್ತ್ರಿಯ ಕಳಪೆ ಕೆಲಸ ಮತ್ತು ನಿರ್ಲಕ್ಷ್ಯವೇ ಕಾರಣ. ಇವನ ಮೇಲೆ ಕ್ರಿಮಿನಲ್ ಮೊಕದ್ದಮೆ ಏಕೆ ಹೂಡಬಾರದು, ಏಳು ದಿನದೊಳಗೆ ಉತ್ತರಿಸುವುದು. ಕೆಳಗೆ ಆ ಕಾಮಗಾರಿಯ ಇಂಜಿನಿಯರ್ ಮಹಾಂತೇಶನ ಸಹಿ.

"ಹದಿನಾರಕ್ಕೆ ಬಿಚ್ಚು ಅಂದಿದ್ದು ನಿಜವಾ?" ಎಂದು ಕೇಳಿದೆ.

"ನಿಜ. ಉದ್ಘಾಟನೆ ಕಾರ್ಡು ಕೈಯಾಗೆ ಹಿಡ್ಕಂಡೇ ಬಂದಿದ್ರು. ಸುಣ್ಣ ಹೊಡಿಬೇಕು, ಕೋಲು ತೆಗಿ ಅಂದ್ರು. ನಾನು ಅಂದೆ, ಸಾಹೇಬ್ರೆ, ಹದಿನೆಂಟಡಿ ಬೀಮು ಐತೆ, ಇನ್ನಾ ಹಸಿ ಐತೆ, ಹದಿನೈದು ದಿನ ಬಿಡ್ರಿ ಅಂತ. ಇಂಜಿನಿಯರ್ ನೀನಾ ನಾನಾ ಅಂದ್ರು. ಕೋಡ್ ಪ್ರಕಾರ ಐದು ದಿನ ಸಾಕು ಅಂದ್ರು."

"ಕೋಡ್ ಅಂದ್ರೆ?"

"ಅದನ್ನೇ ನಾನು ನಿಮ್ಮನ್ನ ಕೇಳಾಕೆ ಬಂದಿದ್ದು. ಮೂವತ್ತು ವರ್ಷ ಆತು ಈ ಕೆಲಸ ಹಿಡಿದು. ಕೋಡ್ ಪ್ರಕಾರ, ಕೋಡ್ ಪ್ರಕಾರ ಅಂತ ಎಲ್ಲರೂ ಬಾಯಾಗೆ ಅಂತಾರೆ. ಅದರ ಮಕ ನಾನು ನೋಡಿಲ್ಲ. ಅದ್ರಾಗೆ ಐದು ಅಂತ ಬರ್ದಿದ್ರೆ ತಪ್ಪು ನಂದೇ. ನಾನು ಒಪ್ಕೋತೀನಿ. ಆದ್ರೆ ನನಗೆ ನೋಡಬೇಕು."

ತಮ್ಮದೇನೂ ತಪ್ಪಿಲ್ಲ ಎಂದು ವಾದಿಸುವವರನ್ನು ದಿನವೂ ಕಾಣುತ್ತೇನೆ. ತನ್ನ ತಪ್ಪನ್ನು ಓದಿ ನೋಡಬೇಕು ಅಂದವನನ್ನು ಕಂಡದ್ದು ಅದೇ ಮೊದಲು.

ಅಪ್ಪ ಮಗಳು ಆ ಕೋಣೆ ಕಟ್ಟಿಸುತ್ತಿದ್ದ ಇಲಾಖೆಯ ಕಚೇರಿಗೆ ಹೋದರು. ನೋಟೀಸಿನಲ್ಲಿದ್ದ ಆ ೪೫೬ನೇ ಕೋಡ್ ಪುಸ್ತಕ ತೋರಿಸಿ ಎಂದು ಮಸರತ್ ಕೇಳಿದಳು. ಗುಮಾಸ್ತ ನಕ್ಕ. "ಅದೇನು ಪಂಚಾಂಗನಾ? ಇಂಜಿನಿಯರಿಂಗ್ ಓದಿದೋರಿಗೇ ಅರ್ಥ ಆಗಲ್ಲ." ಮಹಾಂತೇಶನ ಕೋಣೆಯ ಗಾಜಿನ ಬೀರುವಿನಲ್ಲಿ ಆ ಪುಸ್ತಕ ಇತ್ತಂತೆ. ನೀಲಿ ರಟ್ಟು, ಮೇಲೆ ನಂಬರು. ಬೀರುವಿಗೆ ಬೀಗ. "ಅದು ಇಲಾಖೆ ಪುಸ್ತಕ. ಹೊರಗಿನವರಿಗೆ ತೋರಿಸೋ ಹಾಗಿಲ್ಲ. ಸಾವಿರಾರು ರೂಪಾಯಿ ಕೊಟ್ಟು ತರಿಸಿರೋದು" ಎಂದು ಮಹಾಂತೇಶ ಹೇಳಿದನಂತೆ. ಸಿಟ್ಟಿನಿಂದ ಹೇಳಲಿಲ್ಲ, ಮಗುವಿಗೆ ಹೇಳುವ ಹಾಗೆ ಹೇಳಿದ ಎಂದು ಮಸರತ್ ಅಂದಳು. ಅವಳಿಗೆ ಅದೇ ಹೆಚ್ಚು ಉರಿದಿತ್ತು.

ಹೊರಗೆ ಕಂಟ್ರಾಕ್ಟರ್ ಬಸವರಾಜಪ್ಪ ಸಿಕ್ಕಿದ. ಅಮೀರ್‌ಜಾನನ ಹೆಗಲ ಮೇಲೆ ಕೈ ಹಾಕಿದ.

"ಯಾಕೆ ಸುಮ್ನೆ ಓಡಾಡ್ತೀಯೋ ಸಾಬಿ? ತಪ್ಪಾತು ಅಂತ ಬರ್ಕೊಡು. ಪೊಲೀಸಿನೋರಿಗೆ ನಾನು ಹೇಳ್ತೀನಿ. ಮುಂದಿನ ವರ್ಷ ಮತ್ತೆ ನನ್ನ ಹತ್ರನೇ ಕೆಲಸ ಮಾಡುವಂತೆ."

"ಗಾದ್ರಮ್ಮಂದು?"

"ಅದಕ್ಕೇನು. ಅವಳದು ಅವಳ ಹಣೆಬರಹ. ಏನಾರ ಕೊಟ್ಟು ಕಳಿಸಾಣ."

ಬಸವರಾಜಪ್ಪನ ಮೈಯಿಂದ ವಿಭೂತಿಯ ವಾಸನೆ ಬರುತ್ತಿತ್ತು ಎಂದು ಅಮೀರ್‌ಜಾನ್ ಹೇಳಿದ. ಅವನ ಆ ಮಾತು ಕೇಳಿ ಆವತ್ತು ಊಟ ಸೇರಲಿಲ್ಲವಂತೆ.

ಮರುದಿನ ಕಾಲೇಜು ಬಿಟ್ಟ ಮೇಲೆ ಮಸರತ್ ಒಬ್ಬಳೇ ನನ್ನ ಅಂಗಡಿಗೆ ಬಂದಳು. "ಅಕ್ಕ, ನಿಮ್ಮ ಕಂಪ್ಯೂಟರ್ ಅರ್ಧ ಗಂಟೆ ಕೊಡ್ರಿ. ಸರ್ಕಾರದ ಪುಸ್ತಕ ಅಂದ್ರೆ ಸರ್ಕಾರದ ಹತ್ರ ಇರಬೇಕಲ್ಲ" ಅಂದಳು. ಅವಳು ಹುಡುಕುವುದನ್ನು ನಾನು ಪಹಣಿ ಪ್ರಿಂಟು ತೆಗೆಯುತ್ತಾ ನೋಡುತ್ತಿದ್ದೆ. ಮಾನಕಗಳನ್ನು ಪ್ರಕಟಿಸುವ ಕೇಂದ್ರ ಸಂಸ್ಥೆಯದೇ ಜಾಲತಾಣ ಸಿಕ್ಕಿತು. ಹೆಸರು ಕೇಳಿತು, ಕೊಟ್ಟಳು. ಮೊಬೈಲ್ ನಂಬರು ಕೇಳಿತು, ಕೊಟ್ಟಳು. ಓಟಿಪಿ ಬಂತು. ೪೫೬ ಎಂದು ಒತ್ತಿದಳು. ಬೆಲೆ ಎಂಬ ಜಾಗದಲ್ಲಿ ಅಂಕಿ ಇರಲಿಲ್ಲ. ಉಚಿತ ಎಂದಿತ್ತು. ಎರಡು ನಿಮಿಷದಲ್ಲಿ ನೂರು ಪುಟದ ಪುಸ್ತಕ ನನ್ನ ಹಳೇ ಕಂಪ್ಯೂಟರಿನೊಳಗೆ ಬಂದು ಬಿತ್ತು.

ಮಸರತ್ ಪುಟಗಳನ್ನು ಒಂದೊಂದಾಗಿ ಸರಿಸಿದಳು.

ಪ್ರತಿ ಪುಟದಲ್ಲೂ ಇದನ್ನು ಇಂಥವರಿಗೆ ಉಚಿತವಾಗಿ ಕೊಡಲಾಗಿದೆ ಎಂದು ಅವಳ ಹೆಸರು, ತಾಲ್ಲೂಕು ಅಚ್ಚಾಗಿತ್ತು. ಮಸರತ್, ಚನ್ನಗಿರಿ. ಬೀರುವಿನೊಳಗೆ ಬೀಗ ಹಾಕಿಟ್ಟಿದ್ದ ಪುಸ್ತಕದ ಮೇಲೆ ಮೇಸ್ತ್ರಿಯ ಮಗಳ ಹೆಸರು.

ನನಗೆ ಮಾತ್ರ ಇನ್ನೊಂದು ಸಂಗತಿ ನೆನಪಾಯಿತು. ಹಿಂದಿನ ವರ್ಷ ಅದೇ ಇಲಾಖೆಯಿಂದ ಒಬ್ಬ ಪೆನ್‌ಡ್ರೈವ್ ತಂದಿದ್ದ. ಹತ್ತು ಹನ್ನೆರಡು ಇಂಗ್ಲಿಷ್ ಪುಸ್ತಕ ಪ್ರಿಂಟು ಹಾಕಿಸಿ, ನೀಲಿ ರಟ್ಟು ಕಟ್ಟಿಸಿಕೊಂಡು ಹೋದ. ಆಮೇಲೆ ‘ತಾಂತ್ರಿಕ ಗ್ರಂಥಗಳ ಖರೀದಿ’ ಎಂದು ಒಂದು ಬಿಲ್ಲು ಬೇಕು ಅಂದ. ಮೊತ್ತ ಅವನೇ ಹೇಳಿದ. ನನ್ನ ಪ್ರಿಂಟಿನ ದುಡ್ಡಿನ ಹತ್ತು ಪಟ್ಟಿನ ಮೇಲಿತ್ತು. ಟೈಪ್ ಮಾಡಿದ್ದು ನಾನೇ. ಮೊಹರು ಹಾಕಿದ್ದೂ ನಾನೇ. ಅದೇನು ಪುಸ್ತಕ ಎಂದು ಒಂದು ಪುಟ ತಿರುವಿ ನೋಡಿರಲಿಲ್ಲ. ಬಿಟ್ಟಿ ಸಿಕ್ಕಿದ್ದನ್ನು ಕೊಂಡೆವು ಎಂದು ಬರೆಸಿಕೊಂಡವರು, ಅದನ್ನೇ ಬೀಗ ಹಾಕಿಟ್ಟು, ತಪ್ಪನ್ನು ಓದಲಾರದವರ ತಲೆ ಮೇಲೆ ಹೊರಿಸಿದ್ದರು. ಬೀಗದಲ್ಲಿ ನನ್ನ ಕೈಯೂ ಇತ್ತು.

ಮಸರತ್‌ಗೆ ಹೇಳಿದೆ. ಅವಳು ನನ್ನ ಮುಖವನ್ನೇ ನೋಡಿದಳು. "ಮೊದ್ಲು ಇದನ್ನ ಓದಾಣ ಬರ್ರಿ ಅಕ್ಕ" ಅಂದಳು, ಅಷ್ಟೆ.

ಓದುವುದು ಸುಲಭ ಇರಲಿಲ್ಲ. ಇಂಗ್ಲಿಷು ಬಿಗಿ. ಡಿಕ್ಷನರಿ ಇಟ್ಟುಕೊಂಡು ಮೂರು ಸಂಜೆ ಕೂತೆವು. ಹಲಗೆ, ಕೋಲು ತೆಗೆಯುವ ಅಧ್ಯಾಯ ಸಿಕ್ಕಾಗ ಅಮೀರ್‌ಜಾನನನ್ನು ಕರೆಸಿದೆವು. ಮಸರತ್ ಒಂದೊಂದೇ ಸಾಲು ಓದಿ ಅವರ ಮನೆ ಮಾತಿನಲ್ಲಿ ಹೇಳಿದಳು, ನನಗೆ ಕನ್ನಡದಲ್ಲಿ ಹೇಳಿದಳು. ಗೋಡೆಯಂಥ ನೆಟ್ಟಗಿನ ಭಾಗದ ಹಲಗೆ ಒಂದು ದಿನದೊಳಗೆ ತೆಗೆಯಬಹುದು. ಸಣ್ಣ ಸ್ಲ್ಯಾಬಿನ ಕೆಳಗಿನ ಕೋಲು ಏಳು ದಿನ. ದೊಡ್ಡದಾದರೆ ಹದಿನಾಲ್ಕು. ಬೀಮು ಆರು ಮೀಟರಿನವರೆಗೆ, ಅಂದರೆ ಹತ್ತಿರಹತ್ತಿರ ಇಪ್ಪತ್ತಡಿಯವರೆಗೆ ಇದ್ದರೆ ಹದಿನಾಲ್ಕು ದಿನ. ಅದಕ್ಕಿಂತ ಉದ್ದ ಇದ್ದರೆ ಇಪ್ಪತ್ತೊಂದು.

"ಐದು ಎಲ್ಲಿ ಐತೆ?" ಎಂದು ಅಮೀರ್‌ಜಾನ್ ಕೇಳಿದ.

"ಎಲ್ಲೂ ಇಲ್ಲಪ್ಪ."

"ಇನ್ನೊಂದ್ಸಲ ನೋಡು."

ಅವಳು ಇನ್ನೊಂದು ಸಲ ನೋಡಿದಳು. ಅವನು ಗಂಟುಬೆರಳನ್ನು ಆ ಪಟ್ಟಿಯ ಮೇಲೆ ಇಟ್ಟು ಮೆಲ್ಲಗೆ ಕೆಳಗಿಳಿಸಿದ. "ನನಗೆ ಕೆಲಸ ಕಲಿಸಿದ ಉಸ್ತಾದ್ ಹೆಬ್ಬೆಟ್ಟು. ಎರಡು ಶುಕ್ರವಾರ ಕಳೀಲಿ, ಆಮೇಲೆ ಬೀಮಿನ ಕೋಲು ಮುಟ್ಟು ಅಂತಿದ್ದ. ಅದೇ ಇದು" ಎಂದ. ಅವನ ಮುಖದಲ್ಲಿ ಸಂತೋಷ ಕಾಣುತ್ತದೆ ಅಂದುಕೊಂಡಿದ್ದೆ. ಕಾಣಲಿಲ್ಲ. ಹಾಳೆಯಿಂದ ಕೈ ತೆಗೆದು ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

ನೋಟೀಸಿಗೆ ಉತ್ತರ ಟೈಪ್ ಮಾಡಿ ಕಳಿಸಿದೆವು. ಇಲಾಖೆಯ ವಿಚಾರಣೆ ಏಪ್ರಿಲ್‌ನಲ್ಲಿ ಹೊನ್ನಾಳಿಯಲ್ಲಿ ನಡೆಯಿತು. ಹೊರಗಿನಿಂದ ಒಬ್ಬ ಅಧಿಕಾರಿ ಬಂದಿದ್ದರು. ಮಹಾಂತೇಶ, ಬಸವರಾಜಪ್ಪ ಒಂದು ಕಡೆ ಕುರ್ಚಿಯಲ್ಲಿ. ಅಮೀರ್‌ಜಾನ್, ಅವನ ಹೆಂಡತಿ ರಹಮತ್‌ಬೀ, ಮಸರತ್ ಇನ್ನೊಂದು ಕಡೆ ಗೋಡೆಗೆ ಆತು ನಿಂತಿದ್ದರು. ಉತ್ತರ ಟೈಪ್ ಮಾಡಿದವಳು ಎಂದು ನಾನೂ ಹೋಗಿದ್ದೆ. ಶಾಲೆಯ ಅಡುಗೆಯ ಅಜ್ಜಮ್ಮ ಬಂದಿದ್ದಳು. ಇಂಜಿನಿಯರು ಕೋಲು ಕೀಳಿಸಿದಾಗ ಅವಳು ಎದುರಿಗೇ ಅಕ್ಕಿ ಆರಿಸುತ್ತಿದ್ದವಳು.

ಗಾದ್ರಮ್ಮ ಜಗಳೂರಿನಿಂದ ಎರಡು ಬಸ್ಸು ಬದಲಾಯಿಸಿ ಬಂದಳು. ಕಂಕುಳಿಗೆ ಕೋಲು. ಬಾಗಿಲ ಹೊಸ್ತಿಲು ದಾಟಲು ಅವಳಿಗೆ ಆಗಲಿಲ್ಲ. ರಹಮತ್‌ಬೀ ಹೋಗಿ ಸೊಂಟಕ್ಕೆ ಕೈ ಹಾಕಿ ದಾಟಿಸಿ, ಮೇಜಿನ ಎದುರು ಕೂರಿಸಿದಳು. ಬಸವರಾಜಪ್ಪ ತನ್ನ ಫೋನು ನೋಡುತ್ತಿದ್ದ.

ಮಸರತ್ ಹಾಳೆಗಳನ್ನು ಮೇಜಿನ ಮೇಲೆ ಇಟ್ಟಳು. ಅಧಿಕಾರಿ ಕನ್ನಡಕ ಏರಿಸಿ ಓದಿದರು. ಪಟ್ಟಿಯ ಹತ್ತಿರ ಬಂದಾಗ ಅವರ ಕಣ್ಣು ನಿಂತದ್ದನ್ನು ನಾನು ನೋಡಿದೆ. ಆಮೇಲೆ ಪುಟದ ಅಂಚಿಗೆ ಹೋಯಿತು.

"ಯಾರು ಮಸರತ್?"

"ನಾನೇ ಸರ್."

"ನಿನ್ನ ಹೆಸರು ಯಾಕಿದೆ ಇದರಲ್ಲಿ?"

"ಸರ್ಕಾರನೇ ನನ್ನ ಹೆಸರಿಗೆ ಕೊಟ್ಟೈತೆ ಸರ್. ಬಿಟ್ಟಿ."

"ಇಂಟರ್‌ನೆಟ್‌ನಲ್ಲಿ ತೆಗೆದಿದ್ದು ನಡೆಯೋದಿಲ್ಲ. ಇಲಾಖೆಯಿಂದ ದೃಢೀಕೃತ ಪ್ರತಿ ತಗೊಂಡು ಬರಬೇಕು."

"ಇಲಾಖೆಯೋರು ಬೀಗ ಹಾಕ್ಕೊಂಡವ್ರೆ ಸರ್. ನೀವು ನಿಮ್ಮ ಮೊಬೈಲ್‌ನಾಗೇ ಈಗ ತೆಗೆದು ನೋಡ್ರಿ. ಎರಡು ನಿಮಿಷ ಸಾಕು."

ಅಧಿಕಾರಿ ಮೊಬೈಲು ಮುಟ್ಟಲಿಲ್ಲ. ಮಹಾಂತೇಶ ಕೆಮ್ಮಿದ. "ಸರ್, ಇವೆಲ್ಲ ಸಾಧಾರಣ ಸಂದರ್ಭಕ್ಕೆ ಕೊಟ್ಟಿರೋ ಅಂಕಿ. ಸೈಟಿನಲ್ಲಿ ತಾಂತ್ರಿಕ ವಿವೇಚನೆ ಅಂತ ಒಂದಿರುತ್ತೆ. ಇವರಿಗೆ ಹೇಗೆ ಗೊತ್ತಾಗಬೇಕು?"

"ಏನು ವಿವೇಚನೆ?" ಎಂದಳು ಅಜ್ಜಮ್ಮ ಹಿಂದಿನಿಂದ. "ನಾಡಿದ್ದು ಸಾಹೇಬ್ರು ಬರ್ತಾರೆ, ಬೇಗ ಕೀಳ್ರೋ ಅಂದ್ರಿ. ನನ್ನ ಮುಂದೇನೇ ಅಂದ್ರಿ."

"ನಿನ್ನನ್ನ ಯಾರು ಕೇಳಿದ್ರಮ್ಮ" ಎಂದು ಅಧಿಕಾರಿ ಹಾಳೆಗಳನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಫೈಲಿನಿಂದ ಇನ್ನೊಂದು ಹಾಳೆ ತೆಗೆದು ಗಾದ್ರಮ್ಮನ ಮುಂದೆ ಇಂಕಿನ ಪ್ಯಾಡು ತಳ್ಳಿದರು. "ಇಲ್ಲಿ ಹೆಬ್ಬೆಟ್ಟು ಹಾಕು. ನಿನಗೆ ಪರಿಹಾರ ಕೊಡಿಸೋದಕ್ಕೆ."

ಗಾದ್ರಮ್ಮ ಬೆರಳು ಚಾಚಲಿಲ್ಲ. "ಓದಿ ಹೇಳವ್ವ" ಎಂದು ಮಸರತ್ ಕಡೆ ನೋಡಿದಳು.

ಮಸರತ್ ಓದಿದಳು. ಒಳಗೆ ಹೋಗಬೇಡವೆಂದು ಹೇಳಿದ್ದರೂ ನಾನು ನನ್ನ ಸ್ವಂತ ಅಜಾಗರೂಕತೆಯಿಂದ ಸ್ಲ್ಯಾಬಿನ ಕೆಳಗೆ ಹೋಗಿದ್ದೆ. ಇಂಜಿನಿಯರರ ಮೇಲಾಗಲಿ, ಕಂಟ್ರಾಕ್ಟರರ ಮೇಲಾಗಲಿ ನನ್ನದೇನೂ ದೂರಿಲ್ಲ.

ಗಾದ್ರಮ್ಮ ಕೋಲನ್ನು ಮಡಿಲ ಮೇಲೆ ಅಡ್ಡ ಇಟ್ಟುಕೊಂಡಳು. ಕಿಟಕಿಯಾಚೆ ಯಾರೋ ಸ್ಕೂಟರ್ ಚಾಲೂ ಮಾಡುತ್ತಿದ್ದರು, ಅದು ಹತ್ತುತ್ತಿರಲಿಲ್ಲ.

"ಆ ಬುಕ್ಕಿನಾಗೆ ಎಷ್ಟು ದಿನ ಅಂತ ಐತಿ?" ಎಂದು ಕೇಳಿದಳು.

"ಹದಿನಾಲ್ಕು."

"ಎಷ್ಟಕ್ಕೆ ಕಿತ್ರು?"

"ಐದಕ್ಕೆ."

ಅವಳು ಮಹಾಂತೇಶನ ಕಡೆ ತಿರುಗಿದಳು. "ನಿಮಗೆ ಗೊತ್ತಿತ್ತಾ ಸಾಹೇಬ್ರೆ?"

ಮಹಾಂತೇಶ ಅಧಿಕಾರಿಯನ್ನು ನೋಡಿದ. ಅಧಿಕಾರಿ ಫೈಲು ನೋಡಿದರು.

ಅವಳು ಅಮೀರ್‌ಜಾನನ ಕಡೆ ತಿರುಗಿದಳು. "ಅಣ್ಣ, ನಿನಗೆ?"

ಬಿಡು, ಅವನನ್ನು ಯಾಕೆ ಕೇಳುತ್ತೀಯ ಎಂದು ನಾನು ಬಾಯಿ ತೆರೆದಿದ್ದೆ. ಅವನು ನನಗಿಂತ ಮೊದಲು ಮಾತಾಡಿದ.

"ಗೊತ್ತಿತ್ತವ್ವ."

"ಗೊತ್ತಿದ್ದೂ ಕಿತ್ತೆ."

"ಕಿತ್ತೆ. ನಾಳೆ ಕೆಲಸ ಕೊಡಲ್ಲ ಅಂತ ಹೆದರಿ ಕಿತ್ತೆ."

ಗಾದ್ರಮ್ಮ ತಲೆ ಆಡಿಸಿದಳು. ಬೈಯಲಿಲ್ಲ. ಅಳಲೂ ಇಲ್ಲ. "ಬುಕ್ಕು ಬರ್ದೋರಿಗೆ ಗೊತ್ತಿತ್ತು. ಕೀಳು ಅಂದೋರಿಗೆ ಗೊತ್ತಿತ್ತು. ಕಿತ್ತೋನಿಗೂ ಗೊತ್ತಿತ್ತು. ಕೆಳಗೆ ಕುಂತೋಳಿಗೆ ಒಬ್ಬಳಿಗೇ ಯಾರೂ ಹೇಳಿಲ್ಲ" ಎಂದಳು. ಇಂಕಿನ ಪ್ಯಾಡನ್ನು ಕೋಲಿನ ತುದಿಯಿಂದ ಮೇಜಿನ ಆ ಕಡೆಗೆ ದೂಡಿದಳು. ಅದು ಬಸವರಾಜಪ್ಪನ ಬಿಳೀ ಪಂಚೆಯ ಮೇಲೆ ಬಿತ್ತು. ಅವನು ಹೌಹಾರಿ ಎದ್ದ. ಕಾಲು ಹೋದಾಗ ಎದ್ದಿರಲಿಲ್ಲ, ಪಂಚೆಗೆ ಮಸಿ ಆಗಿದ್ದಕ್ಕೆ ಎದ್ದ.

ಅಮೀರ್‌ಜಾನ್ ನನ್ನ ಹತ್ತಿರ ಬಂದ. "ಮೇಡಂ, ನನ್ನ ಹೇಳಿಕೆಯಾಗೆ ಒಂದು ಸಾಲು ಸೇರಿಸ್ರಿ. ನನಗೂ ಗೊತ್ತಿತ್ತು ಅಂತ ಬರೀರಿ."

"ಅದನ್ನ ಬರೆದ್ರೆ ನೀವೇ ಸಿಕ್ಕಾಕ್ಕೊಳ್ತೀರಿ."

"ಅವರು ಬರ್ದಿದ್ದು ಬರೇ ಸುಳ್ಳು. ನಂದ್ರಾಗೂ ಒಂದು ಸುಳ್ಳು ಉಳಿದ್ರೆ ಇಬ್ಬರೂ ಒಂದೇ ಆಗ್ತೀವಿ. ಬರೀರಿ."

ಕೈಯಲ್ಲೇ ಬರೆದೆ. ಅವನು ಸಹಿ ಹಾಕಿದ. ರಹಮತ್‌ಬೀ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಅದರ ಕೆಳಗೆ ನಾನೂ ಒಂದು ಹೇಳಿಕೆ ಬರೆದುಕೊಟ್ಟೆ. ನೀಲಿ ರಟ್ಟಿನ ಪುಸ್ತಕಗಳ ಬಿಲ್ಲು ಟೈಪ್ ಮಾಡಿದ್ದು ನಾನು, ಮೊತ್ತ ಹೇಳಿದ್ದು ಇಂಥವರು ಎಂದು. ಅಧಿಕಾರಿ ಅದನ್ನು ಓದಿ, "ಇದು ಈ ವಿಚಾರಣೆಯ ವ್ಯಾಪ್ತಿಗೆ ಬರೋದಿಲ್ಲ" ಎಂದು ಹಿಂದಕ್ಕೆ ಕೊಟ್ಟರು. ನಾನು ತೆಗೆದುಕೊಳ್ಳಲಿಲ್ಲ. ಮೇಜಿನ ಮೇಲೇ ಬಿಟ್ಟು ಬಂದೆ. ಆ ತಿಂಗಳಿಂದ ಇಲಾಖೆಯ ಪ್ರಿಂಟಿನ ಕೆಲಸ ನನ್ನ ಅಂಗಡಿಗೆ ಬರುವುದು ನಿಂತಿತು.

ವರದಿ ಬರಲು ಐದು ತಿಂಗಳಾಯಿತು. ಒಂದೂವರೆ ಪುಟ. ಅವಘಡದ ಕಾರಣಗಳ ಬಗ್ಗೆ ತಾಂತ್ರಿಕ ಅಭಿಪ್ರಾಯಭೇದವಿದೆ. ಮೇಸ್ತ್ರಿ ತನ್ನ ತಪ್ಪನ್ನು ಸ್ವತಃ ಒಪ್ಪಿಕೊಂಡಿರುವುದರಿಂದ ಅವನಿಗೆ ಇನ್ನು ಮುಂದೆ ಸರ್ಕಾರಿ ಕಾಮಗಾರಿಗಳಲ್ಲಿ ಕೆಲಸ ಕೊಡತಕ್ಕದ್ದಲ್ಲ. ಹದಿನಾಲ್ಕು ಎಂಬ ಅಂಕಿ ಆ ಒಂದೂವರೆ ಪುಟದಲ್ಲಿ ಎಲ್ಲೂ ಇರಲಿಲ್ಲ. ಅವನ ಹೇಳಿಕೆಯ ಉಳಿದೆಲ್ಲ ಸಾಲು ಬಿಟ್ಟು, ಆ ಒಂದು ಸಾಲನ್ನು ಮಾತ್ರ ಆರಿಸಿಕೊಂಡಿದ್ದರು. ನೋಣ ಹುಣ್ಣನ್ನೇ ಹುಡುಕುವ ಹಾಗೆ.

ಬಸವರಾಜಪ್ಪನಿಗೆ ಅದೇ ಕೋಣೆಯನ್ನು ಮತ್ತೆ ಕಟ್ಟುವ ಗುತ್ತಿಗೆ ಸಿಕ್ಕಿತು. ಅದೇ ಅಡಿಪಾಯದ ಮೇಲೆ ಕಟ್ಟಿದ. ಈ ಸಲ ಉದ್ಘಾಟನೆಯೂ ಆಯಿತು.

ಅಮೀರ್‌ಜಾನ್ ಈಗ ಕೆರೆಬಿಳಚಿ, ತ್ಯಾವಣಿಗೆ ಸುತ್ತ ಖಾಸಗಿ ಮನೆಗಳ ಕೆಲಸ ಮಾಡುತ್ತಾನೆ. ಕೆಲಸ ಕಡಿಮೆ. ಎರಡು ವಾರ ಕೋಲು ಬಿಡಬೇಕು ಎಂದರೆ ಮನೆಯವರು ಹಲಗೆ, ಕೋಲಿನ ಬಾಡಿಗೆ ಲೆಕ್ಕ ಹಾಕಿ ಬೇರೆ ಮೇಸ್ತ್ರಿಯನ್ನು ಹುಡುಕುತ್ತಾರೆ. ವರದಿ ಬಂದ ದಿನ ಅವನ ಮುಂದೆ ಕೂತು, ಆ ಸಾಲು ಬರೆಯಬಾರದಿತ್ತು ಎಂದೆ. "ಬರೀದಿದ್ರೆ ಆ ಹೆಣ್ಮಗಳ ಮಕ ನಾನು ಹೆಂಗೆ ನೋಡಲಿ?" ಎಂದ. ತಿಂಗಳಿಗೊಮ್ಮೆ ಜಗಳೂರಿಗೆ ಹೋಗಿ ಅವಳನ್ನು ನೋಡಿ ಬರುತ್ತಾನೆ. ಮೊದಲ ಎರಡು ಸಲ ಅವಳು ಮಾತಾಡಿಸಲಿಲ್ಲವಂತೆ. ಮೂರನೇ ಸಲ ಕೂತುಕೋ ಅಂದಳಂತೆ.

ನಾನು ಮತ್ತು ಮಸರತ್ ಒಂದು ಕೆಲಸ ಮಾಡಿದೆವು. ಆ ಪಟ್ಟಿಯನ್ನು ಕನ್ನಡಕ್ಕೆ ತಂದು ಒಂದೇ ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಹಾಕಿದೆವು. ಓದು ಬಾರದವರಿಗೆ ಪಕ್ಕದಲ್ಲಿ ಬೀಮಿನ ಚಿತ್ರ, ಅದರ ಕೆಳಗೆ ದಿನಕ್ಕೊಂದರಂತೆ ಗೀಟು. ಮೂಲ ಎಲ್ಲಿದೆ, ಬಿಟ್ಟಿ ಹೆಂಗೆ ತೆಗೆಯಬೇಕು ಎಂದು ಕೆಳಗೆ ಬರೆದೆವು. ಅಜ್ಜಮ್ಮ ಒಂದು ಹಾಳೆ ಒಯ್ದು ಹೊಸ ಅಡುಗೆಕೋಣೆಯ ಬಾಗಿಲಿಗೆ ಅನ್ನದ ಅಗುಳಿನಿಂದ ಅಂಟಿಸಿದಳು. ಹೆಡ್‌ಮಾಸ್ಟರು ಕಿತ್ತರು, ಮತ್ತೆ ಅಂಟಿಸಿದಳು. ನ್ಯಾಮತಿಯ ಒಂದು ಸೈಟಿನಲ್ಲಿ ಕೋಲು ಕಿತ್ತು ಒಳಗೆ ಹೋಗಿ ಅಂದಾಗ, ಗಾರೆ ಹೊರುವ ಹೆಂಗಸರು ಗೀಟು ಎಣಿಸಿ ನೋಡಿ, ಇನ್ನೂ ಒಂಬತ್ತೇ ದಿನ ಆಗೈತೆ ಎಂದು ಬಾಂಡ್ಲಿ ಕೆಳಗಿಟ್ಟರಂತೆ. ಅವರಿಗೆ ಅವತ್ತಿನ ಕೂಲಿ ಕೊಡಲಿಲ್ಲ. ಆದರೂ ಒಳಗೆ ಹೋಗಲಿಲ್ಲ.

ಮೊನ್ನೆ ಬುಧವಾರ ಅಂಗಡಿ ತೆಗೆಯುತ್ತಿದ್ದಾಗಲೇ ಫೋನು ಬಂತು. ಗಾದ್ರಮ್ಮ.

"ಅವ್ವ, ಆ ಇಂಜಿನಿಯರ್ ಇದ್ದನಲ್ಲ, ಮಹಾಂತೇಶ. ಅವನು ಈಗ ನಮ್ಮ ಜಗಳೂರಿಗೇ ಬಂದಾನೆ."

ಅರ್ಧ ಎತ್ತಿದ್ದ ಶಟರ್ ಬಿಟ್ಟು ಫೋನನ್ನು ಕಿವಿಗೆ ಒತ್ತಿ ಹಿಡಿದೆ.

"ದೊಡ್ಡ ಸಾಹೇಬನಾಗಿ ಬಂದಾನಂತೆ. ನಮ್ಮೂರ ಶಾಲೆದು ಎರಡು ರೂಮು ಹಿಡ್ದಾನೆ. ಮೊನ್ನೆ ಸೋಮವಾರ ಸ್ಲ್ಯಾಬಿನ ಮೋಲ್ಡ್ ಹಾಕ್ಯಾರೆ. ನಮ್ಮ ಹೆಣ್ಮಕ್ಕಳೇ ಗಾರೆ ಹೊತ್ತಿದ್ದು."

"ಈಗ ಏನು ಮಾಡ್ತೀಯ?"

"ನಾನು ದಿನಾ ಹೋಗಿ ಬಾಗಿಲಾಗೆ ಕುಂತ್ಕಂತೀನಿ. ಇವತ್ತಿಗೆ ಎರಡು ದಿನ ಆತು. ನನ್ನ ದಾಟಿ ಯಾರೂ ಒಳಗೆ ಹೋಗಂಗಿಲ್ಲ" ಎಂದಳು. ಆಮೇಲೆ, "ಆ ಹಾಳೆ ಇನ್ನೊಂದು ಇಪ್ಪತ್ತು ಬಸ್ಸಿಗೆ ಹಾಕಿ ಕಳಿಸವ್ವ. ಒಂದು ಅವನ ಕೈಗೇ ಕೊಡ್ತೀನಿ."

ಪ್ರಿಂಟರ್ ಹಾಕಿದೆ. ಇಪ್ಪತ್ತಲ್ಲ, ಇನ್ನೂರು.